ಉಪ್ಪು ಬದಲಿಸಿದ ಮೇಲೆ ರೀಫ್ ಟ್ಯಾಂಕಿನಲ್ಲಿ ಕಂದು ಲೋಳೆ: ಉಪ್ಪೇ ಕಾರಣವಾ?

ನೀಲಿತೊಟ್ಟಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನನ್ನದು ಸಂಪ್ (ಕೆಳಗಿನ ಫಿಲ್ಟರ್ ತೊಟ್ಟಿ) ಸೇರಿ 300 ಲೀಟರಿನ ರೀಫ್ ಟ್ಯಾಂಕ್, ಅಂದರೆ ಉಪ್ಪುನೀರಿನ ಹವಳದ ತೊಟ್ಟಿ. ಹ್ಯಾಮರ್, ಟಾರ್ಚ್, ಝೋವಾ, ಸ್ವಲ್ಪ ಮೊಂಟಿಪೋರಾ ಕೋರಲ್ (ಹವಳ) ಇವೆ. ಮೊದಲಿನಿಂದ ಬಳಸುತ್ತಿದ್ದ ಉಪ್ಪು ಈ ಸಲ ಎಲ್ಲೂ ಸಿಗಲಿಲ್ಲ. ಇಂಪೋರ್ಟ್ ಸ್ಟಾಕ್ ಬಂದಿಲ್ಲ ಅಂತ ಅಂಗಡಿಯವರು ಹೇಳಿದರು. ಹಾಗಾಗಿ ಕೋರಲ್ ಬೇಗ ಬೆಳೆಯುತ್ತೆ ಅಂತ ಮಾರುವ ಬೇರೆ ಕಂಪನಿಯ ಉಪ್ಪು ತಂದೆ. ವಾರಕ್ಕೊಮ್ಮೆ 30% ನೀರು ಬದಲಿಸುತ್ತಾ ಹೊಸ ಉಪ್ಪಿಗೆ ಬಂದೆ.

ಈಗ ಮರಳಿನ ಮೇಲೆಲ್ಲ ಕಂದು ಲೋಳೆ. ಕಲ್ಲಿನ ತುದಿಗಳಿಂದ ದಾರ ದಾರವಾಗಿ ತೂಗುತ್ತಿದೆ. ದಾರದ ತುದಿಯಲ್ಲಿ ಗುಳ್ಳೆಗಳಿವೆ. ಬೆಳಗ್ಗೆ ಮರಳು ಬೆಳ್ಳಗೆ ಕಾಣುತ್ತೆ, ಮಧ್ಯಾಹ್ನ ಲೈಟ್ ಪೂರ್ತಿ ಆಗುವಷ್ಟರಲ್ಲಿ ಮತ್ತೆ ಕಂದು. ಪೈಪಿನಲ್ಲಿ ಎಳೆದು ತೆಗೆದರೆ ಮರುದಿನ ಹಾಜರ್. ಟರ್ಬೋ ಬಸವನಹುಳುಗಳು ಮಂಕಾಗಿವೆ. ಉಪ್ಪಿನಲ್ಲೇ ಏನೋ ಇದೆ ಅಂತ ನನಗೆ ಅನುಮಾನ. ಹಳೆ ಉಪ್ಪು ಬಳಸುವ ಯಾರ ಹತ್ತಿರವಾದರೂ ಸ್ವಲ್ಪ ಇದ್ದರೆ ಹೇಳಿ. ಒಂದು ದೊಡ್ಡ ವಾಟರ್ ಚೇಂಜ್ ಮಾಡಿ ಎಲ್ಲ ಹೊರಗೆ ಹಾಕೋಣ ಅಂತಿದ್ದೇನೆ.

ಹವಳದಮನೆ (ಬೆಂಗಳೂರು)

ಸರ್, ಮೊದಲು ಆ ದೊಡ್ಡ ವಾಟರ್ ಚೇಂಜ್ ನಿಲ್ಲಿಸಿ. ನೀವು ಹೇಳಿದ ಲಕ್ಷಣ ಡೈನೋಗಳದ್ದು, ಅಂದರೆ ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿಗಳದ್ದು. ದಾರ, ಗುಳ್ಳೆ, ರಾತ್ರಿ ಕಡಿಮೆಯಾಗಿ ಲೈಟಿಗೆ ಮತ್ತೆ ಬರುವುದು, ಬಸವನಹುಳು ಮಂಕಾಗುವುದು, ಎಲ್ಲವೂ ಅದಕ್ಕೇ ಹೊಂದುತ್ತೆ. ಡೈನೋ ಇರುವ ಟ್ಯಾಂಕಿನಲ್ಲಿ ನೀರು ಬದಲಿಸಿದಷ್ಟೂ ಅದು ಹೆಚ್ಚಾಗುವುದನ್ನು ತುಂಬಾ ಜನ ನೋಡಿದ್ದಾರೆ.

ಎರಡು ವಿಷಯ ಬೇಕು. ನೈಟ್ರೇಟ್ ಎಷ್ಟು, ಫಾಸ್ಫೇಟ್ ಎಷ್ಟು? ಆಮೇಲೆ, ಉಪ್ಪಿನ ಜೊತೆ ಇನ್ನೇನೇನು ಬದಲಾಯಿತು? ಲೈಟ್, ಫಿಲ್ಟರ್ ಮೀಡಿಯಾ, ಊಟ, ಹೊಸ ಕಲ್ಲು, ಏನಿದ್ದರೂ ಹೇಳಿ. ಸಣ್ಣದು ಅಂತ ಬಿಡಬೇಡಿ.

ನೀಲಿತೊಟ್ಟಿ

ನೈಟ್ರೇಟ್ 0. ಫಾಸ್ಫೇಟ್ ಕೂಡ 0. ಎರಡೂ ಕಿಟ್‌ನಲ್ಲಿ ಬಣ್ಣವೇ ಬರುತ್ತಿಲ್ಲ. ಅದು ಒಳ್ಳೆಯದು ಅಂತಲೇ ತಿಳಿದಿದ್ದೆ. ಉಪ್ಪು ಬದಲಿಸಿದ ವಾರವೇ ಜಿಎಫ್‌ಓ (ಫಾಸ್ಫೇಟ್ ಹೀರುವ ಕಬ್ಬಿಣದ ಹರಳು) ಹೊಸದಾಗಿ ತುಂಬಿಸಿದೆ. ಆಲ್ಕಲಿನಿಟಿ (ನೀರಿನ ಕಾರ್ಬೊನೇಟ್ ಕ್ಷಾರಾಂಶ, ಅಳೆಯುವುದು ಡಿಕೆಎಚ್‌ನಲ್ಲಿ) ಮೊದಲು 8 ಡಿಕೆಎಚ್ ಇತ್ತು, ಈಗ 10. ಮೊಂಟಿಪೋರಾದ ಅಂಚು ಬೆಳ್ಳಗಾಗುತ್ತಿದೆ.

ಹವಳದಮನೆ

ಆ ಎರಡು ಸೊನ್ನೆಯಲ್ಲೇ ಕಥೆ ಇದೆ. ನೈಟ್ರೇಟ್, ಫಾಸ್ಫೇಟ್ ಎರಡೂ ಖಾಲಿಯಾದರೆ ಮಾಮೂಲಿ ಹಸಿರು ಪಾಚಿ, ಡಯಾಟಮ್ ಎಂಬ ಕಂದು ಪಾಚಿ, ಒಳ್ಳೆ ಬ್ಯಾಕ್ಟೀರಿಯಾ ಎಲ್ಲ ಸೊರಗುತ್ತವೆ. ಡೈನೋಗಳಿಗೆ ಬದುಕಲು ಬೇರೆ ದಾರಿಗಳಿವೆ. ಅವುಗಳಲ್ಲಿ ಹಲವು ಬೆಳಕಿನಿಂದಲೂ ಬದುಕುತ್ತವೆ, ಬ್ಯಾಕ್ಟೀರಿಯಾ ತಿಂದೂ ಬದುಕುತ್ತವೆ. ಖಾಲಿಯಾದ ಜಾಗವನ್ನು ಅವು ಹಿಡಿದುಕೊಳ್ಳುತ್ತವೆ.

ನಿಮ್ಮ ಟ್ಯಾಂಕಿನಲ್ಲಿ ವಾರ ವಾರ 30% ನೀರು ಹೋಗಿ ಹೊಸ ನೀರು ಬಂತು. ಅದರ ಮೇಲೆ ಹೊಸ ಜಿಎಫ್‌ಓ ಉಳಿದ ಫಾಸ್ಫೇಟನ್ನೂ ಎಳೆದುಕೊಂಡಿತು. ಉಪ್ಪು ಯಾವ ಕಂಪನಿಯದ್ದೇ ಆಗಿದ್ದರೂ ಇಷ್ಟಾದ ಮೇಲೆ ಡೈನೋ ಬರುವ ಸಾಧ್ಯತೆ ಇತ್ತು.

ಮಲ್ಪೆಅಲೆ (ಉಡುಪಿ)

ಅಣ್ಣಾ, ಉಪ್ಪಿಗೆ ಪೂರ್ತಿ ಕ್ಲೀನ್ ಚಿಟ್ ಕೊಡಬೇಡಿ. ಆಲ್ಕಲಿನಿಟಿ 8ರಿಂದ 10ಕ್ಕೆ ಹೋಗಿದ್ದು ಉಪ್ಪಿನಿಂದಲೇ. ಲೆಕ್ಕ ಹಾಕಿ ನೋಡಿ. ಹೊಸ ಉಪ್ಪಿನ ನೀರು 12 ಡಿಕೆಎಚ್ ಅಂತಿಟ್ಟುಕೊಳ್ಳಿ. ಟ್ಯಾಂಕ್ 8 ಇದ್ದಾಗ 30% ಬದಲಿಸಿದರೆ 9.2 ಆಗುತ್ತೆ. ಮುಂದಿನ ಸಲ ಅಷ್ಟೇ ಬದಲಿಸಿದರೆ 10 ದಾಟುತ್ತೆ. ಸಮುದ್ರದ ನೀರಿನಲ್ಲಿ ಇರುವುದೇ 7ರ ಆಸುಪಾಸು. ಪೋಷಕಾಂಶ ಸೊನ್ನೆ ಇದ್ದು ಆಲ್ಕಲಿನಿಟಿ ಏರಿದರೆ ಕೋರಲ್‌ನ ತುದಿ, ಅಂಚು ಸುಡುತ್ತೆ. ಮೊಂಟಿಪೋರಾದ ಬಿಳಿ ಅಂಚು ಅದೇ ಇರಬೇಕು. ಕೋರಲ್ ಸೊರಗಿ ಅಂಗಾಂಶ ಕಳಚಿದರೆ ಆ ಕೊಳೆಯೂ ನೀರಿಗೇ ಸೇರುತ್ತೆ.

ಇನ್ನೊಂದು ವಿಷಯ. ಕೆಲವು ಉಪ್ಪಿಗೆ ವಿಟಮಿನ್, ಬ್ಯಾಕ್ಟೀರಿಯಾ, ಅವುಗಳಿಗೆ ಊಟವಾಗಿ ಸಕ್ಕರೆಯಂಥ ಇಂಗಾಲದ ಪದಾರ್ಥ ಸೇರಿಸಿರುತ್ತಾರೆ. ಅದು ಬ್ಯಾಕ್ಟೀರಿಯಾ ಬೆಳೆಸುತ್ತೆ. ಬ್ಯಾಕ್ಟೀರಿಯಾ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಹೀರುತ್ತೆ. ಮೊದಲೇ ಕಡಿಮೆ ಇರುವ ಟ್ಯಾಂಕಿಗೆ ಅಂಥ ಉಪ್ಪು ಹಾಕಿದರೆ ಸೊನ್ನೆಗೆ ಇಳಿಸಿಬಿಡುತ್ತೆ. ಹಾಗಾಗಿ ಚೀಲದ ಮೇಲೆ ಏನು ಬರೆದಿದೆ ಅಂತ ಪೂರ್ತಿ ಓದಿ.

ಹವಳದಮನೆ

ಮಲ್ಪೆಅಲೆ ಹೇಳಿದ್ದು ಒಪ್ಪುತ್ತೇನೆ. ಆದರೂ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಉಪ್ಪು ಬದಲಾಯಿಸಿದ ವಾರ ಪಾಚಿ ಬಂದರೆ ನಾವು ಚೀಲವನ್ನೇ ಬಯ್ಯುತ್ತೇವೆ. ಕಣ್ಣಿಗೆ ಕಾಣುವ ಬದಲಾವಣೆ ಅದೊಂದೇ ಅಲ್ವಾ? ಆದರೆ ಉಪ್ಪು ಬದಲಿಸುವಾಗ ಜನ ಸುಮ್ನೆ ಉಪ್ಪು ಮಾತ್ರ ಬದಲಿಸುವುದಿಲ್ಲ. ಜಾಸ್ತಿ ನೀರು ಬದಲಿಸುತ್ತಾರೆ, ಮರಳು ಕೆದಕುತ್ತಾರೆ, ಫಿಲ್ಟರ್ ತೊಳೆಯುತ್ತಾರೆ. ಇದೆಲ್ಲ ಒಟ್ಟಿಗೆ ಆದಾಗ ಯಾವುದರಿಂದ ಏನಾಯಿತು ಅಂತ ಹೇಳಲು ಆಗುವುದಿಲ್ಲ. ಹಾಗೆ ಹಳೆ ಉಪ್ಪಿಗೆ ಓಡಿಹೋದರೆ ಅಲ್ಲಿಯೂ ಇದೇ ತೊಂದರೆ ಕಾದಿರುತ್ತೆ. ಕಾರಣ ಹುಡುಕದೆ ಚೀಲ ಬದಲಿಸುತ್ತಾ ಹೋದ ಒಳ್ಳೊಳ್ಳೆ ಟ್ಯಾಂಕುಗಳು ಹಾಳಾಗಿದ್ದು ನೋಡಿದಾಗ ಬೇಜಾರಾಗುತ್ತೆ.

ರೀಫ್‌ಮೈಸೂರು

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನಗೂ ಉಪ್ಪು ಬದಲಿಸಿದ ಮೇಲೆ ಕಂದು ಬಂತು, ಆದರೆ ದಾರ ಇಲ್ಲ, ಗುಳ್ಳೆ ಇಲ್ಲ. ಗಾಜಿನ ಮೇಲೆ, ಮರಳಿನ ಮೇಲೆ ಪುಡಿ ಚೆಲ್ಲಿದ ಹಾಗೆ ಹಳದಿಗಂದು. ಒರೆಸಿದರೆ ಹೋಗುತ್ತೆ. ಇದೂ ಡೈನೋನಾ? ಅಡುಗೆಮನೆಯ ಆರ್‌ಓ ನೀರು ಬಳಸುತ್ತೇನೆ.

ಹವಳದಮನೆ

ಮೇಡಂ, ಅದು ಡಯಾಟಮ್ ಇರಬೇಕು. ಅದಕ್ಕೆ ಬೇಕಾಗಿರುವುದು ಸಿಲಿಕೇಟ್. ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಉಪ್ಪಿಗಿಂತ ನೀರಿನ ಮೇಲೆ. ಅಡುಗೆಮನೆಯ ಆರ್‌ಓ ಕುಡಿಯಲು ಮಾಡಿದ್ದು. ನೀರು ಚಪ್ಪೆ ಆಗಬಾರದು ಅಂತ ಅದರಲ್ಲಿ ಟಿಡಿಎಸ್ ಕಂಟ್ರೋಲರ್ ಇಟ್ಟಿರುತ್ತಾರೆ. ಮೆಂಬ್ರೇನ್ ದಾಟದ ನೀರನ್ನು ಒಂದಿಷ್ಟು ಬೇಕೆಂದೇ ಬೆರೆಸುತ್ತಾರೆ. ಕೆಲವು ಮಾಡೆಲ್‌ಗಳಲ್ಲಿ ಮಿನರಲ್ ಕಾರ್ಟ್ರಿಜ್ ಬೇರೆ. ನಲ್ಲಿಯ ಕೆಳಗೆ ಟಿಡಿಎಸ್ ಮೀಟರ್ ಹಿಡಿದು ನೋಡಿ.

ರೀಫ್‌ಮೈಸೂರು

80 ಬಂತು. ಬೋರ್‌ವೆಲ್ ನೀರೇ ನಮ್ಮದು.

ಹವಳದಮನೆ

ಕುಡಿಯಲು ಚೆನ್ನಾಗಿದೆ, ರೀಫಿಗೆ ಆಗುವುದಿಲ್ಲ. ಮೈಸೂರು, ಬೆಂಗಳೂರಿನ ಬೋರ್‌ವೆಲ್ ನೀರು ಗಟ್ಟಿ ಬಂಡೆಯ ಬಿರುಕುಗಳಿಂದ ಬರುತ್ತೆ. ಸಿಲಿಕಾ ಅದರ ಜೊತೆಗೇ ಬರುತ್ತೆ. ಟಿಡಿಎಸ್ ಕಂಟ್ರೋಲರ್ ಇಲ್ಲದ ಆರ್‌ಓ, ಅದರಿಂದ ಹೊರಬಂದ ನೀರಿಗೆ ಡಿಐ ರೆಸಿನ್ (ಉಳಿದ ಲವಣ ಹಿಡಿಯುವ ಹರಳು) ಬೇಕು. ಮೀಟರ್ 0 ತೋರಿಸಬೇಕು.

0 ತೋರಿಸಿದರೂ ಒಂದು ಎಚ್ಚರ. ರೆಸಿನ್ ಮುಗಿಯುತ್ತಾ ಬಂದಾಗ ಮೊದಲು ಸೋರುವುದು ಸಿಲಿಕಾವೇ. ರೆಸಿನ್ ಅದನ್ನು ತುಂಬಾ ಸಡಿಲವಾಗಿ ಹಿಡಿದಿರುತ್ತೆ. ಸಿಲಿಕಾ ನೀರಿನಲ್ಲಿ ವಿದ್ಯುತ್ತನ್ನು ಹೆಚ್ಚೇನೂ ಹರಿಸುವುದಿಲ್ಲ, ಹಾಗಾಗಿ ಟಿಡಿಎಸ್ ಮೀಟರಿಗೆ ಅದು ಕಾಣುವುದೇ ಇಲ್ಲ. ಮೀಟರ್ 1, 2 ತೋರಿಸುವ ಹೊತ್ತಿಗೆ ಸಿಲಿಕಾ ಟ್ಯಾಂಕ್ ಸೇರಿ ಎಷ್ಟೋ ದಿನವಾಗಿರುತ್ತೆ. ಎರಡು ಡಿಐ ಹೌಸಿಂಗ್ ಸಾಲಾಗಿ ಇಟ್ಟು, ಮೊದಲನೆಯದು ಮುಗಿದಾಗ ಎರಡನೆಯದನ್ನು ಮುಂದಕ್ಕೆ ತಂದರೆ ಈ ತೊಂದರೆ ಕಡಿಮೆ.

ಡಯಾಟಮ್ ಬಗ್ಗೆ ಹೆದರಬೇಡಿ. ಸಿಲಿಕೇಟ್ ಬರುವುದು ನಿಂತರೆ ಅದೂ ಕರಗುತ್ತೆ.

ಕರಾವಳಿಯವ (ಮಂಗಳೂರು)

ನಾವು ಉಪ್ಪಿನ ತಲೆನೋವೇ ಬೇಡ ಅಂತ ಸಮುದ್ರದ ನೀರನ್ನೇ ಬಳಸುತ್ತೇವೆ. ದೋಣಿಯವರಿಗೆ ಹೇಳಿದರೆ ದಡದಿಂದ ದೂರದ ನೀರು ತಂದುಕೊಡುತ್ತಾರೆ. ಕತ್ತಲಲ್ಲಿ ಇಟ್ಟು, ಸೋಸಿ ಹಾಕುತ್ತೇವೆ. ಆದರೆ ಮಳೆಗಾಲದಲ್ಲಿ ಆಗುವುದಿಲ್ಲ. ನೇತ್ರಾವತಿ, ಗುರುಪುರ ಹೊಳೆಗಳ ಕೆಂಪು ನೀರು ಸೇರಿ ದಡದ ಹತ್ತಿರ ಉಪ್ಪಿನಂಶ ಬಿದ್ದುಹೋಗುತ್ತೆ. ಜೂನ್‌ನಿಂದ ಕೆಲವು ತಿಂಗಳು ಚೀಲದ ಉಪ್ಪೇ ಗತಿ. ಅಂದರೆ ನಮಗೆ ವರ್ಷಕ್ಕೆ ಎರಡು ಸಲ ಉಪ್ಪು ಬದಲಾವಣೆ ಇದ್ದದ್ದೇ.

ನಾವು ಮಾಡುವುದು ಇಷ್ಟು. ಹೊಸ ಉಪ್ಪಿನ ನೀರಿನ ಆಲ್ಕಲಿನಿಟಿ, ಕ್ಯಾಲ್ಸಿಯಂ, ಮೆಗ್ನೀಸಿಯಂ ಬಕೆಟ್‌ನಲ್ಲೇ ಟೆಸ್ಟ್ ಮಾಡುತ್ತೇವೆ. ಸಮುದ್ರದಲ್ಲಿ ಕ್ಯಾಲ್ಸಿಯಂ 410–420 ಪಿಪಿಎಂ, ಮೆಗ್ನೀಸಿಯಂ 1,300ರ ಹತ್ತಿರ. ಹೊಸದು ತುಂಬಾ ದೂರ ಇದ್ದರೆ ಅರ್ಧ ಹಳೆಯದು, ಅರ್ಧ ಹೊಸದು ಬೆರೆಸುತ್ತೇವೆ. ಒಂದು ಸಲಕ್ಕೆ 10%ಗಿಂತ ಜಾಸ್ತಿ ಬದಲಿಸುವುದಿಲ್ಲ. ಹೀಗೆ ಮಾಡಿದಾಗ ಕೋರಲ್‌ಗಳು ಮುಚ್ಚಿಕೊಂಡದ್ದು ನೋಡಿಲ್ಲ.

ಒಂದು ಮಾತು ಹೊಸಬರಿಗೆ. ನೀರು ತರಬಹುದು. ನೇತ್ರಾಣಿ ದ್ವೀಪದಿಂದಲೋ ಬೇರೆಲ್ಲಿಂದಲೋ ಹವಳ ಕಿತ್ತು ತರುವ ಯೋಚನೆ ಬೇಡವೇ ಬೇಡ. ನಮ್ಮ ಕಡಲಿನ ಕಲ್ಲುಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕಾನೂನು ಬಿಡಿ, ಅಲ್ಲಿ ಉಳಿದಿರುವುದೇ ಸ್ವಲ್ಪ.

ನೀಲಿತೊಟ್ಟಿ

ಒಂದು ಅನುಮಾನ. ನಾನು ತಂದ ಉಪ್ಪು ಕಂಪನಿ ಬಕೆಟ್‌ನಲ್ಲಿ ಬರಲಿಲ್ಲ. ಅಂಗಡಿಯವರು ದೊಡ್ಡ ಚೀಲ ಬಿಚ್ಚಿ ಕೆಜಿ ಲೆಕ್ಕದಲ್ಲಿ ಕೊಟ್ಟರು. ಸ್ವಲ್ಪ ಗಂಟು ಗಂಟಾಗಿತ್ತು. ನೀರಿಗೆ ಹಾಕಿದಾಗ ಹಾಲಿನಂತಾಗಿ, ತಿಳಿಯಾಗಲು ತುಂಬಾ ಹೊತ್ತು ಹಿಡಿಯಿತು. ಬಕೆಟ್ ತಳದಲ್ಲಿ ಬಿಳಿ ಪುಡಿ ಕೂಡ ಉಳಿಯಿತು.

ಕಡಲಾಚೆ (ನ್ಯೂಜೆರ್ಸಿ)

ಇದು ಮುಖ್ಯ ವಿಷಯ. ಉಪ್ಪಿನ ಮಿಕ್ಸ್ ಅಂದರೆ ಒಂದೇ ಪದಾರ್ಥ ಅಲ್ಲ. ಸೋಡಿಯಂ ಕ್ಲೋರೈಡ್, ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಕ್ಲೋರೈಡ್, ಸಲ್ಫೇಟ್, ಬೈಕಾರ್ಬೊನೇಟ್, ಹೀಗೆ ಹಲವು. ಎಲ್ಲದರ ಹರಳಿನ ಗಾತ್ರ, ತೂಕ ಬೇರೆ. ಸಾಗಣೆಯಲ್ಲಿ ಕುಲುಕಿ ಕುಲುಕಿ ಅವಲಕ್ಕಿ ಚೂಡಾ ಡಬ್ಬಿಯಲ್ಲಿ ಸಣ್ಣ ಪುಡಿಯೆಲ್ಲ ತಳ ಸೇರುವ ಹಾಗೆ ಬೇರೆ ಬೇರೆ ಆಗುತ್ತವೆ. ಚೀಲದ ಮೇಲ್ಭಾಗದಿಂದ 5 ಕೆಜಿ ತೆಗೆದರೆ ಒಂದು ಲೆಕ್ಕ, ತಳದಿಂದ ತೆಗೆದರೆ ಇನ್ನೊಂದು. ಅದಕ್ಕೇ ಬಕೆಟ್ ತೆರೆಯುವ ಮೊದಲು ಚೆನ್ನಾಗಿ ಉರುಳಿಸಬೇಕು. ಬಿಡಿ ಉಪ್ಪು ತಂದರೆ ನಿಮಗೆ ಬಂದದ್ದು ಯಾವ ಭಾಗ ಅಂತ ಗೊತ್ತಾಗುವುದಿಲ್ಲ.

ಎರಡನೆಯದು ತೇವ. ಕ್ಯಾಲ್ಸಿಯಂ, ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವ ಎಳೆದುಕೊಳ್ಳುತ್ತವೆ. ಊರಿನ ಮಳೆಗಾಲದಲ್ಲಿ ಚೀಲ ತೆರೆದಿಟ್ಟರೆ ಗಂಟಾಗುವುದು ಖಂಡಿತ. ಗಂಟಿನೊಳಗೆ ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಒಂದಕ್ಕೊಂದು ಅಂಟಿ ಸುಣ್ಣವಾಗಿಬಿಡುತ್ತೆ. ತಳದಲ್ಲಿ ಉಳಿದ ಬಿಳಿ ಪುಡಿ ಅದೇ ಇರಬೇಕು. ಆ ನೀರಿನಲ್ಲಿ ಆಲ್ಕಲಿನಿಟಿಯೂ ಕ್ಯಾಲ್ಸಿಯಮ್ಮೂ ಚೀಲದ ಮೇಲೆ ಬರೆದಷ್ಟು ಇರುವುದಿಲ್ಲ.

ಬೆರೆಸುವಾಗ ಯಾವಾಗಲೂ ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು. ಪಂಪ್ ಓಡುತ್ತಿರಬೇಕು, ಸ್ವಲ್ಪ ಸ್ವಲ್ಪವೇ ಹಾಕಬೇಕು. ನೀರು ಬಿಸಿ ಮಾಡಬಾರದು. ಒಂದು ಲೀಟರಿಗೆ 36–39 ಗ್ರಾಂ ಹಿಡಿಯುತ್ತೆ, ಬ್ರ್ಯಾಂಡ್ ಮೇಲೆ ಹೋಗುತ್ತೆ. ಆಲ್ಕಲಿನಿಟಿ ಜಾಸ್ತಿ ಇರುವ ಉಪ್ಪನ್ನು ಬೆರೆಸಿ ದಿನಗಟ್ಟಲೆ ಇಡಬೇಡಿ, ಸುಣ್ಣ ಕಟ್ಟುತ್ತೆ.

ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಬಗ್ಗೆಯೂ ಹೇಳಿಬಿಡುತ್ತೇನೆ. ಅಗ್ಗದವು ಎಷ್ಟೋ ಬರೀ ಅಡುಗೆ ಉಪ್ಪಿನ ದ್ರಾವಣಕ್ಕೆ ಅಂತ ಅಳತೆ ಮಾಡಿದವು. ಬಟ್ಟಿ ಇಳಿಸಿದ ನೀರಿಗೆ ಸೊನ್ನೆ ಕೂರಿಸಿದರೂ 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪು) ಸಮುದ್ರದ ನೀರನ್ನು 36.5 ಅಂತ ತೋರಿಸುತ್ತವೆ. 35 ಪಿಪಿಟಿ ಕ್ಯಾಲಿಬ್ರೇಶನ್ ದ್ರಾವಣ ತಂದು ಅದಕ್ಕೇ ಕೂರಿಸಿ. ಉಪ್ಪು ಬದಲಿಸುವ ಹೊತ್ತಿಗೆ ಇದು ಸರಿ ಇಲ್ಲದಿದ್ದರೆ ಉಳಿದ ಯಾವ ಅಂಕಿಯನ್ನೂ ಹೋಲಿಸಲಾಗದು.

ನೀಲಿತೊಟ್ಟಿ

ಇಷ್ಟೆಲ್ಲ ಒಟ್ಟಿಗೆ ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್. ಈಗ ಏನು ಮಾಡಲಿ? ಮೂರು ದಿನ ಲೈಟ್ ಆರಿಸಿ ಬ್ಲ್ಯಾಕೌಟ್ ಮಾಡು ಅಂತ ಗೆಳೆಯರೊಬ್ಬರು ಹೇಳಿದರು.

ಹವಳದಮನೆ

ಮೊದಲು ಯಾವ ಡೈನೋ ಅಂತ ತಿಳಿಯಬೇಕು. ಒಂದೊಂದಕ್ಕೆ ಒಂದೊಂದು ಮದ್ದು. ಶಾಲೆ ಮಕ್ಕಳ ಮೈಕ್ರೋಸ್ಕೋಪ್ ಸಾಕು, 400 ಪಟ್ಟು ದೊಡ್ಡದಾಗಿ ತೋರಿಸಿದರೆ ಆಯಿತು. ಡ್ರಾಪರ್‌ನಲ್ಲಿ ಲೋಳೆ ಎಳೆದು ಒಂದು ಹನಿ ಗಾಜಿನ ಮೇಲೆ ಹಾಕಿ ನೋಡಿ.

ಹನಿಯಾಕಾರ, ಒಂದು ಕಡೆ ಚೂಪು, ಆ ಚೂಪು ತುದಿ ಕಟ್ಟಿಹಾಕಿದಂತೆ ಅಲ್ಲೇ ಸುತ್ತುತ್ತಿದ್ದರೆ ಅದು ಆಸ್ಟ್ರಿಯಾಪ್ಸಿಸ್. ಮೊಟ್ಟೆಯಾಕಾರ, ಚಪ್ಪಟೆ, ಮುಂದೆ ಪುಟ್ಟ ಮೂಗಿನಂಥದ್ದು ಒಂದು ಕಡೆ ವಾಲಿದ್ದು, ಜಾರುತ್ತಾ ಓಡಾಡುತ್ತಿದ್ದರೆ ಆಂಫಿಡಿನಿಯಂ. ಕಡ್ಡಿ, ದೋಣಿಯಾಕಾರ ಕಂಡು, ಅಲ್ಲೇ ಇದ್ದರೂ ನಿಧಾನವಾಗಿ ಜಾರಿದರೂ ಡಯಾಟಮ್. ಉದ್ದುದ್ದ ಎಳೆಗಳು, ಗಂಟು ಗಂಟು ಕಂಡರೆ ಸಯನೋ, ಅಂದರೆ ಸಯನೋಬ್ಯಾಕ್ಟೀರಿಯಾ.

ಮೈಕ್ರೋಸ್ಕೋಪ್ ಸಿಗುವವರೆಗೆ ಇನ್ನೊಂದು ಪರೀಕ್ಷೆ. ಲೋಳೆ ಇರುವ ನೀರನ್ನು ಬಾಟಲಿಯಲ್ಲಿ ಜೋರಾಗಿ ಕುಲುಕಿ, ಕಾಫಿ ಫಿಲ್ಟರ್ ಪೇಪರ್‌ನಲ್ಲಿ ಸೋಸಿ, ಸೋಸಿದ ನೀರನ್ನು ಲೈಟಿನ ಕೆಳಗೆ ಇಡಿ. ಒಂದು ಗಂಟೆಯಲ್ಲಿ ಮತ್ತೆ ಕೂಡಿಕೊಂಡು ದಾರವಾದರೆ ಡೈನೋ ಅಂತ ಹೆಚ್ಚುಕಡಿಮೆ ಖಚಿತ.

ಬ್ಲ್ಯಾಕೌಟ್ ಸದ್ಯಕ್ಕೆ ಬೇಡ. ಮೂರು ದಿನ ಕತ್ತಲಿದ್ದರೆ ಮಾಯವಾದಂತೆ ಕಾಣುತ್ತೆ. ಪೋಷಕಾಂಶ ಸೊನ್ನೆಯಲ್ಲೇ ಇದ್ದರೆ ಲೈಟ್ ಹಾಕಿದ ಮೇಲೆ ವಾಪಸ್ ಬರುತ್ತೆ. ಸೊರಗಿರುವ ಮೊಂಟಿಪೋರಾಗೂ ಅದು ಪೆಟ್ಟು.

ನೀಲಿತೊಟ್ಟಿ

ಪಕ್ಕದ ಮನೆಯ ಹುಡುಗಿಯ ಮೈಕ್ರೋಸ್ಕೋಪ್ ತಂದು ನೋಡಿದೆ. ನೀವು ಹೇಳಿದ ಹಾಗೇ ಹನಿಯಾಕಾರ, ಒಂದೇ ಜಾಗದಲ್ಲಿ ಗಿರಗಿರ ಸುತ್ತುತ್ತಿವೆ. ಒಂದು ಹನಿಯಲ್ಲಿ ಅಷ್ಟೊಂದು!

ಮಲ್ಪೆಅಲೆ

ಆಸ್ಟ್ರಿಯಾಪ್ಸಿಸ್. ಹಾಗಿದ್ದರೆ ಕೈಗವಸು ಇಲ್ಲದೆ ಕಲ್ಲು ಉಜ್ಜಬೇಡಿ. ಲೋಳೆ ಎಳೆಯುವಾಗ ನೀರು ಮುಖಕ್ಕೆ ಸಿಡಿಯದ ಹಾಗೆ ನೋಡಿಕೊಳ್ಳಿ. ಸತ್ತ ಕಲ್ಲನ್ನು ಬಿಸಿನೀರಲ್ಲಿ ಕುದಿಸುವುದಂತೂ ಬೇಡವೇ ಬೇಡ. ಇದರ ಕೆಲವು ಜಾತಿಗಳು ಪಾಲಿಟಾಕ್ಸಿನ್ ಥರದ ವಿಷ ಮಾಡುತ್ತವೆ. 2005ರಲ್ಲಿ ಇಟಲಿಯ ಜಿನೋವಾ ಕಡಲತೀರದಲ್ಲಿ ಇದು ಮಿತಿಮೀರಿ ಬೆಳೆದಾಗ, ಅಲೆಯ ತುಂತುರು ಉಸಿರಾಡಿದ ಸುಮಾರು 200 ಜನ ಜ್ವರ, ಕೆಮ್ಮು, ಉಸಿರಾಟದ ತೊಂದರೆಯಿಂದ ಚಿಕಿತ್ಸೆ ಪಡೆಯಬೇಕಾಯಿತು. ನಿಮ್ಮ ಟ್ಯಾಂಕ್ ಸಮುದ್ರವಲ್ಲ, ಆದರೂ ಮನೆಯಲ್ಲಿ ಮಕ್ಕಳಿದ್ದರೆ ಹುಷಾರು. ಬಸವನಹುಳು ಸಾಯುವುದೂ ಇದನ್ನು ತಿಂದೇ. ಫಿಲ್ಟರಿಗೆ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ವಾರ ವಾರ ಬದಲಿಸಿ, ವಿಷ ಸ್ವಲ್ಪ ಹಿಡಿಯುತ್ತೆ.

ಹವಳದಮನೆ

ಒಂದು ಸಮಾಧಾನ ಏನೆಂದರೆ ಆಸ್ಟ್ರಿಯಾಪ್ಸಿಸ್ ರಾತ್ರಿ ಮರಳು ಬಿಟ್ಟು ನೀರಿಗೆ ಬರುತ್ತೆ. ಹಾಗಾಗಿ ಯುವಿ (ನೀರಿಗೆ ಅತಿನೇರಳೆ ಬೆಳಕು ಹಾಯಿಸುವ ಉಪಕರಣ) ಕೆಲಸ ಮಾಡುತ್ತೆ. ಯುವಿಯನ್ನು ಸಂಪ್‌ನಲ್ಲಿ ಇಡಬೇಡಿ. ಮುಖ್ಯ ಟ್ಯಾಂಕಿನಿಂದಲೇ ನೀರು ಎಳೆದು ಅಲ್ಲಿಗೇ ಬಿಡಬೇಕು, ಹರಿವು ನಿಧಾನ ಇರಬೇಕು. ಬಲ್ಬ್ ಹಳೆಯದಾಗಿದ್ದರೆ ಬದಲಿಸಿ.

ಅದರ ಜೊತೆಗೆ ಜಿಎಫ್‌ಓ ಇವತ್ತೇ ತೆಗೆಯಿರಿ. ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಉಪಕರಣ) ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ ಓಡಿಸಿ. ಮೀನಿಗೆ ಊಟ ಜಾಸ್ತಿ ಕೊಡಿ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರಿಂದ 0.1 ಪಿಪಿಎಂ, ಇಷ್ಟು ಬರಬೇಕು. ಊಟದಿಂದ ಏರದಿದ್ದರೆ ಸೋಡಿಯಂ ನೈಟ್ರೇಟ್, ಟ್ರೈಸೋಡಿಯಂ ಫಾಸ್ಫೇಟ್ ದ್ರಾವಣ ಹನಿ ಹನಿಯಾಗಿ ಹಾಕಬಹುದು. ಒಣಕಲ್ಲಿನಿಂದ ಶುರು ಮಾಡಿದ ಟ್ಯಾಂಕ್ ಆದರೆ ಹಾಕಿದ ಫಾಸ್ಫೇಟನ್ನು ಕಲ್ಲೇ ಕುಡಿದುಬಿಡುತ್ತೆ, ದಿನಾ ಟೆಸ್ಟ್ ಮಾಡುತ್ತಿರಬೇಕು.

ನೀರು ಬದಲಾವಣೆ ಸದ್ಯ ಪೂರ್ತಿ ಬಂದ್. ಆಲ್ಕಲಿನಿಟಿ ತಾನಾಗೇ 8ರ ಕಡೆಗೆ ಇಳಿಯಲಿ, ಇಳಿಸಲು ಏನೂ ಹಾಕಬೇಡಿ.

ಧಾರವಾಡಪೇಡೆ (ಹುಬ್ಬಳ್ಳಿ)

ನನ್ನ ಟ್ಯಾಂಕಿನಲ್ಲಿ ಆಂಫಿಡಿನಿಯಂ ಬಂದಿತ್ತು ನೋಡ್ರೀ. ಅದು ಮರಳು ಬಿಟ್ಟು ಏಳುವುದೇ ಇಲ್ಲ. ಯುವಿ ಹಾಕಿಸಿದೆ, ಏನೂ ಆಗಲಿಲ್ಲ. ಕೊನೆಗೆ ಸೋಡಿಯಂ ಸಿಲಿಕೇಟ್ ಹಾಕಿ ಬೇಕೆಂದೇ ಡಯಾಟಮ್ ಬೆಳೆಸಿದೆ. 1–2 ಪಿಪಿಎಂ ಸಿಲಿಕೇಟ್ ಇರುವ ಹಾಗೆ ನೋಡಿಕೊಂಡೆ. ಡಯಾಟಮ್ ಜಾಗ ಹಿಡಿಯಿತು, ಡೈನೋ ಸೋತಿತು. ಆ ದ್ರಾವಣ ತುಂಬಾ ಕ್ಷಾರ, ಚೆನ್ನಾಗಿ ನೀರು ಬೆರೆಸಿ ಹಾಕಬೇಕು.

ರೀಫ್‌ಮೈಸೂರು

ಹಾಗಿದ್ದರೆ ಡೈನೋ ಇರುವವರು ನಮ್ಮ ಬೋರ್‌ವೆಲ್ ನೀರನ್ನೇ ಹಾಕಬಹುದಲ್ವಾ? ಅದರಲ್ಲಿ ಸಿಲಿಕಾ ಇದೆ ಅಂದಿರಿ.

ಧಾರವಾಡಪೇಡೆ

ಬೇಡ್ರೀ ಮೇಡಂ. ಸಿಲಿಕಾ ಜೊತೆ ಇನ್ನೇನೇನು ಬರುತ್ತೋ ಹೇಳಲಾಗದು. ಹಳೆ ಪೈಪಿದ್ದರೆ ತಾಮ್ರ ಬರಬಹುದು. ತಾಮ್ರ ಬಂದರೆ ಸೀಗಡಿ, ಬಸವನಹುಳು, ಕೋರಲ್ ಎಲ್ಲಕ್ಕೂ ಕುತ್ತು. ಸಿಲಿಕೇಟ್ ಬೇಕಾದರೆ ಅದನ್ನಷ್ಟೇ ಅಳೆದು ಹಾಕಬೇಕು.

ನೀಲಿತೊಟ್ಟಿ

ಅಪ್‌ಡೇಟ್. ಜಿಎಫ್‌ಓ ತೆಗೆದೆ, ಯುವಿ ಟ್ಯಾಂಕಿಗೇ ಜೋಡಿಸಿದೆ, ನೀರು ಬದಲಿಸಿಲ್ಲ. ನೈಟ್ರೇಟ್ ಈಗ 6, ಫಾಸ್ಫೇಟ್ 0.06. ದಾರಗಳು ಹೋದವು. ಮರಳಿನ ಒಂದು ಮೂಲೆಯಲ್ಲಿ ಮಾತ್ರ ಸ್ವಲ್ಪ ಕಂದು. ಟಾರ್ಚ್ ಮೊದಲಿನಂತೆ ಅರಳುತ್ತಿದೆ. ಆದರೆ ಹಿಂದಿನ ಕಲ್ಲಿನ ಮೇಲೆ ಕೆಂಪು ಚಾಪೆಯಂಥದ್ದು ಶುರುವಾಗಿದೆ. ಗಾಜಿನ ಮೇಲೆ ಹಸಿರು ಪಾಚಿಯೂ ಬರುತ್ತಿದೆ.

ಹವಳದಮನೆ

ಹಸಿರು ಪಾಚಿ ಬಂದದ್ದು ನನಗೆ ತುಂಬಾ ಖುಷಿ ಕೊಟ್ಟಿತು. ಇನ್ನೊಬ್ಬರಿಗೂ ಬದುಕಲು ಜಾಗ ಸಿಕ್ಕಿತು ಅಂತ ಅರ್ಥ. ಕೆಂಪು ಚಾಪೆ ಸಯನೋ. ಡೈನೋ ಹೋಗುವಾಗ ಅದು ಬರುವುದು ಮಾಮೂಲಿ. ಪೈಪಿನಲ್ಲಿ ಎಳೆದು, ಆ ಮೂಲೆಗೆ ವೇವ್‌ಮೇಕರ್ ತಿರುಗಿಸಿ. ಔಷಧಿಗೆ ಕೈ ಹಾಕಬೇಡಿ. ಪೋಷಕಾಂಶ ಮತ್ತೆ ಸೊನ್ನೆಗೆ ಇಳಿಸಬೇಡಿ.

ನೀರು ಬದಲಾವಣೆ ಮತ್ತೆ ಶುರು ಮಾಡುವಾಗ 5–10% ಸಾಕು. ಉಪ್ಪು ಯಾವುದೇ ಇರಲಿ, ಮುಚ್ಚಿದ ಬಕೆಟ್‌ನಲ್ಲಿ ತನ್ನಿ, ಬೆರೆಸಿದ ನೀರನ್ನು ಟೆಸ್ಟ್ ಮಾಡಿ, ಬ್ಯಾಚ್ ನಂಬರ್ ಬರೆದಿಡಿ. ಆ ವಾರ ಬೇರೆ ಏನನ್ನೂ ಮುಟ್ಟಬೇಡಿ.

ಕರಾವಳಿಯವ

ಒಂದು ವಿನಂತಿ. ಈ ಟ್ಯಾಂಕಿನ ಫ್ರ್ಯಾಗ್ (ಕತ್ತರಿಸಿದ ಕೋರಲ್ ತುಂಡು), ಕಲ್ಲು, ನೀರು ಸದ್ಯ ಯಾರಿಗೂ ಕೊಡಬೇಡಿ. ಡೈನೋ ಫ್ರ್ಯಾಗ್ ಪ್ಲಗ್ ಮೇಲೆ ಕೂತೇ ಊರೂರು ಸುತ್ತುತ್ತೆ. ಬಲೆ, ಪೈಪು ಕೂಡ ಬೇರೆ ಟ್ಯಾಂಕಿಗೆ ಬಳಸಬೇಡಿ.

ನೀಲಿತೊಟ್ಟಿ

ಖಂಡಿತ. ಇಬ್ಬರಿಗೆ ಝೋವಾ ಕೊಡುತ್ತೇನೆ ಅಂದಿದ್ದೆ, ಈಗಲೇ ಬೇಡ ಅಂತ ಫೋನ್ ಮಾಡಿ ಹೇಳಿದೆ. ಮರಳಿನ ಆ ಮೂಲೆಯಿಂದ ವಾರಕ್ಕೊಂದು ಹನಿ ತೆಗೆದು ನೋಡುತ್ತಿರುತ್ತೇನೆ. ಸುತ್ತುವ ಹನಿಯಾಕಾರ ಒಂದೂ ಕಾಣದೆ ಕೆಲವು ತಿಂಗಳು ಕಳೆದ ಮೇಲಷ್ಟೇ ಫ್ರ್ಯಾಗ್ ಹೊರಗೆ ಹೋಗುವುದು. ಮೈಕ್ರೋಸ್ಕೋಪ್ ಫೋಟೋಗಳನ್ನು ನಾಳೆ ಇಲ್ಲೇ ಹಾಕುತ್ತೇನೆ, ಮೈಸೂರಿನ ಮೇಡಂ ಅವರಿಗೆ ಹೋಲಿಸಿ ನೋಡಲು ಬೇಕಾಗಬಹುದು.